ವಾಹನ ಚಾಲನೆಯಲ್ಲಿ ಪ್ರಮಾದ: ಒಂದು ವ್ರತವಿಚಾರ

ವ್ರತವೆಂದರೆ ಆಹಾರದ ನಿಯಮವೆಂದೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅಷ್ಟಮಿ ಚತುರ್ದಶಿಗಳ ಉಪವಾಸ, ಸೋಸಿದ ನೀರು, ಕಂದಮೂಲಗಳ ತ್ಯಾಗ, ಹೊತ್ತು ಮುಳುಗುವ ಮುನ್ನ ಊಟ, ಇವನ್ನು ನಿಷ್ಠೆಯಿಂದ ಪಾಲಿಸುವ ಶ್ರಾವಕನು ತಾನು ಅಹಿಂಸಾಣುವ್ರತಿಯೆಂದು ನಂಬಿ ನೆಮ್ಮದಿಯಿಂದಿರುತ್ತಾನೆ. ಈ ನೆಮ್ಮದಿ ಎಷ್ಟರ ಮಟ್ಟಿಗೆ ಸರಿ ಎಂಬ ಪ್ರಶ್ನೆ ನನ್ನಲ್ಲಿ ಮೂಡಿದುದು ಗ್ರಂಥವನ್ನು ಓದುವಾಗ ಅಲ್ಲ. ಬೈಲಹೊಂಗಲದಿಂದ ಮುರಗೋಡಕ್ಕೆ ಬರುವ ದಾರಿಯಲ್ಲಿ.

ಕೆಲವು ವರ್ಷಗಳ ಹಿಂದಿನ ಮಾತು. ದಶಲಕ್ಷಣ ಪರ್ವದ ದಿನಗಳು. ಪೇಟೆಯ ಕೆಲಸ ಮುಗಿಯುವಲ್ಲಿ ತಡವಾಗಿ, ಹೊತ್ತು ಮುಳುಗುವುದರೊಳಗೆ ಮನೆ ಸೇರಿ ಉಣ್ಣಬೇಕೆಂಬ ಆತುರದಲ್ಲಿ ಮೋಟಾರ್ ಸೈಕಲ್ ಓಡಿಸುತ್ತ ಬರುತ್ತಿದ್ದೆ. ದಾರಿಯಲ್ಲಿ ಮೊಬೈಲ್ ಸದ್ದುಮಾಡಿತು. ಅದನ್ನು ತೆಗೆದು ಹೆಲ್ಮೆಟ್ಟಿನ ಒಳಗೆ ಕಿವಿಗೆ ಸಿಕ್ಕಿಸಿಕೊಂಡೆ. “ಎಲ್ಲಿ ಅದೀರಿ? ಹೊತ್ತು ಮುಳಗಾಕ ಬಂತು, ಎಡಿ ಮಾಡಲೋ ಬ್ಯಾಡೋ?” ಎಂದು ಮನೆಯವರು ಕೇಳಿದರು. ಎಷ್ಟು ನಿಮಿಷದಲ್ಲಿ ಬಂದೇನು ಎಂದು ಮನಸ್ಸಿನಲ್ಲೇ ಲೆಕ್ಕಹಾಕುತ್ತ ಉತ್ತರ ಹೇಳುತ್ತಿದ್ದೆ. ಕೈಗಳೆರಡೂ ಹ್ಯಾಂಡಲ್ ಮೇಲೆಯೇ ಇದ್ದವು. ಕಣ್ಣು ದಾರಿಯ ಮೇಲೆಯೇ ಇತ್ತು. ಆದರೂ ಎದುರಿಗೆ ಮೇವಿನ ಹೊರೆ ಹೊತ್ತ ಮುದುಕಿಯೂ ಆಡಿನ ಹಗ್ಗ ಹಿಡಿದ ಆಕೆಯ ಮೊಮ್ಮಗನೂ ರಸ್ತೆ ದಾಟುತ್ತಿರುವುದು ನನಗೆ ಕಾಣಲಿಲ್ಲ. ಆಕೆ ಹೊರೆಯನ್ನು ಚೆಲ್ಲಿ ಹುಡುಗನ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡಾಗಲೇ ಕಂಡಿತು. ಗಾಡಿ ಒಂದು ಮೊಳದ ಅಂತರದಲ್ಲಿ ಹಾದುಹೋಗಿ ಮುಂದೆ ನಿಂತಿತು.

ನಾನು ಮರಳಿ ಬಂದು ಕೈಮುಗಿದೆ. ಮುದುಕಿ ಬಯ್ಯಲಿಲ್ಲ. “ಯಪ್ಪಾ, ಕಣ್ಣ ತಗದ ಇತ್ತಾಗ ನೋಡಕೋತನ ಬಂದಿ, ಆದ್ರೂ ಕಾಣಲಿಲ್ಲೇನು?” ಎಂದಷ್ಟೇ ಕೇಳಿದಳು. ಚೆಲ್ಲಿದ ಮೇವನ್ನು ಕೂಡಿಸಿಕೊಟ್ಟು ಮನೆಗೆ ಬಂದೆ. ಹೊತ್ತು ಇನ್ನೂ ಇತ್ತು. ಊಟ ಗಂಟಲಿನಲ್ಲಿ ಇಳಿಯಲಿಲ್ಲ. ರಾತ್ರಿಭೋಜನ ತ್ಯಾಗದ ಮೂಲ ಉದ್ದೇಶವೇ ಕತ್ತಲೆಯಲ್ಲಿ ಕಾಣದ ಜೀವಿಗಳ ರಕ್ಷಣೆ. ಆ ನಿಯಮವನ್ನು ಉಳಿಸಿಕೊಳ್ಳುವ ಆತುರದಲ್ಲಿ ನಾನು ಹಾಡುಹಗಲಿನಲ್ಲಿ ಒಂದು ಮಗುವನ್ನು ಕಾಣದೆ ಹೋಗಿದ್ದೆ.

“ಏನೂ ಆಗಲಿಲ್ಲವಲ್ಲ, ಬಿಡಿ” ಎಂದು ಕೇಳಿದವರೆಲ್ಲ ಸಮಾಧಾನ ಹೇಳಿದರು. ನಿಜವಾಗಿಯೂ ಏನೂ ಆಗಲಿಲ್ಲವೆ? ಈ ಲೇಖನದ ಪ್ರಶ್ನೆ ಇದೇ.

ಲೋಕದ ನ್ಯಾಯವು ಬಹುಮಟ್ಟಿಗೆ ಪರಿಣಾಮವನ್ನು ನೋಡಿ ತೂಗುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೆಯ ಕಲಮಿನ ಪ್ರಕಾರ ಚಾಲನೆಯಲ್ಲಿ ಕೈಯಲ್ಲಿ ಹಿಡಿದ ಸಂಪರ್ಕ ಸಾಧನವನ್ನು ಬಳಸುವುದು ಅಪಾಯಕಾರಿ ಚಾಲನೆಯಲ್ಲಿ ಸೇರುತ್ತದೆ. ಮೊದಲ ತಪ್ಪಿಗೆ 6 ತಿಂಗಳಿನಿಂದ 1 ವರ್ಷದವರೆಗೆ ಸೆರೆವಾಸ, ಇಲ್ಲವೆ 1,000ದಿಂದ 5,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಉಂಟು. ಅದೇ ಅಜಾಗರೂಕತೆಯಿಂದ ಒಬ್ಬನು ಸತ್ತರೆ, ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ 5 ವರ್ಷಗಳವರೆಗೆ ಸೆರೆವಾಸವಾಗಬಹುದು. ಇಬ್ಬರು ಒಂದೇ ತಪ್ಪನ್ನು ಮಾಡುತ್ತಾರೆ. ಒಬ್ಬನ ಎದುರಿಗೆ ಮಗು ಬಂದಿತು, ಇನ್ನೊಬ್ಬನ ಎದುರಿಗೆ ಬರಲಿಲ್ಲ. ಮೊದಲನೆಯವನು ಸೆರೆಮನೆಗೆ ಹೋಗುತ್ತಾನೆ, ಎರಡನೆಯವನು ಮನೆಗೆ. ಸಮಾಜದ ವ್ಯವಸ್ಥೆಗೆ ಇದು ಅನಿವಾರ್ಯವಿರಬಹುದು. ಆದರೆ ಇಬ್ಬರ ಆತ್ಮಗಳ ಸ್ಥಿತಿಯಲ್ಲಿ ಯಾವ ಭೇದವಿದೆ?

ನಮ್ಮ ಆಚಾರ್ಯರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿ ಉತ್ತರಿಸಿದ್ದಾರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನಷ್ಟೇ ಹೇಳಿ ನಿಲ್ಲಿಸಲಿಲ್ಲ. ಪ್ರಮಾದದಿಂದ ಕೂಡಿದ ಪ್ರವೃತ್ತಿಯನ್ನು ಮೊದಲಿಗಿಟ್ಟರು. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಸ್ಪಷ್ಟವಾಗಿ ತಿಳಿಸುತ್ತಾರೆ: ಜೀವಿಯು ಸಾಯಲಿ, ಬದುಕಲಿ, ಯತ್ನಾಚಾರವಿಲ್ಲದವನಿಗೆ ಹಿಂಸೆ ನಿಶ್ಚಿತ, ಎಚ್ಚರದಿಂದ ನಡೆಯುವವನಿಗೆ ಬಾಹ್ಯ ಹಿಂಸೆ ಒಂದರಿಂದಲೇ ಬಂಧವಿಲ್ಲ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯದ ಅಭಿಪ್ರಾಯವೂ ಇದೇ. ಇದರಂತೆ ನೋಡಿದರೆ ಆ ಸಂಜೆ ಹುಡುಗನು ಬದುಕಿದುದು ಅವನ ಅಜ್ಜಿಯ ಎಚ್ಚರದಿಂದ. ನನ್ನ ಕಡೆಯಿಂದ ನಡೆಯಬೇಕಾದ ಹಿಂಸೆ ನಡೆದೇ ಹೋಗಿತ್ತು.

ಇಲ್ಲಿ ಒಂದು ಮಾತನ್ನು ಎಚ್ಚರದಿಂದ ತಿಳಿಯಬೇಕು. “ಕೊಲ್ಲುವ ಉದ್ದೇಶ ನನಗಿರಲಿಲ್ಲ, ಭಾವ ಶುದ್ಧವಾಗಿದ್ದ ಮೇಲೆ ದೋಷವೆಲ್ಲಿ?” ಎಂದು ಕೇಳುವವರುಂಟು. ಕೆಟ್ಟ ಉದ್ದೇಶ ಇಲ್ಲದಿರುವುದು ಬೇರೆ, ಎಚ್ಚರ ಇರುವುದು ಬೇರೆ. ಗಾಡಿಯಲ್ಲಿ ಕುಳಿತು ಮಾತನಾಡುವ ಯಾರಿಗೂ ಕೊಲ್ಲುವ ಉದ್ದೇಶವಿರುವುದಿಲ್ಲ. ಉದ್ದೇಶವಿಲ್ಲದಿದ್ದರೂ ಹಾನಿ ಮಾಡಬಲ್ಲುದು ಎಂಬುದರಿಂದಲೇ ಪ್ರಮಾದಕ್ಕೆ ಪ್ರತ್ಯೇಕವಾದ ಹೆಸರು ಬಂದಿದೆ.

ಈರ್ಯಾಸಮಿತಿಯನ್ನು ನೆನೆಯೋಣ. ನಮ್ಮ ಮುನಿಗಳು ಬರಿಗಾಲಲ್ಲಿ ನಡೆಯುವವರು. ಆದರೂ ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ಹಗಲು ಬೆಳಕಿನಲ್ಲೇ ಅಡಿಯಿಡುತ್ತಾರೆ. ಶ್ವೇತಾಂಬರ ಪರಂಪರೆಯ ಉತ್ತರಾಧ್ಯಯನವು ನಡೆಯುವಾಗ ವಿಷಯಸುಖಗಳ ಚಿಂತೆಯನ್ನು ಮಾತ್ರವಲ್ಲ, ಸ್ವಾಧ್ಯಾಯವನ್ನೂ ಬಿಡಬೇಕೆಂದು ವಿಧಿಸುತ್ತದೆ. ನಡೆಯುವವನಿಗೆ ಶಾಸ್ತ್ರಚಿಂತನೆಯೂ ಸಲ್ಲದೆಂದ ಮೇಲೆ ಓಡಿಸುವವನಿಗೆ ಪೇಟೆಯ ಧಾರಣೆಯ ಮಾತು ಹೇಗೆ ಸಂದೀತು? ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನವು ಮೂರು ಸೆಕೆಂಡುಗಳಲ್ಲಿ 50 ಮೀಟರ್ ಮುಂದೆ ಹೋಗುತ್ತದೆ. ಯಾರ ಕರೆ ಎಂದು ಹೆಸರು ನೋಡುವಷ್ಟರಲ್ಲಿ ನೂರಕ್ಕೂ ಹೆಚ್ಚು ಮೊಳ ನೆಲವನ್ನು ನಾವು ನೋಡದೆ ದಾಟಿರುತ್ತೇವೆ.

ಕೈಯಲ್ಲಿ ಹಿಡಿಯದೆ ಕಿವಿಗೆ ಸಾಧನ ಸಿಕ್ಕಿಸಿಕೊಂಡರೆ ದೋಷವಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಇದು ನಿರಾಧಾರವೆಂದು ವಿಜ್ಞಾನವೂ ಹೇಳುತ್ತದೆ. ಕೆನಡಾದ ಟೊರಾಂಟೊ ನಗರದಲ್ಲಿ ಅಪಘಾತಕ್ಕೀಡಾದ 699 ಚಾಲಕರ ದೂರವಾಣಿ ಲೆಕ್ಕಗಳನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮಾತನಾಡುವಾಗ ಡಿಕ್ಕಿಯ ಸಂಭವ ನಾಲ್ಕು ಪಟ್ಟಾಗುತ್ತದೆ. ಕೈಯಲ್ಲಿ ಹಿಡಿಯದ ಸಾಧನದಿಂದ ವಿಶೇಷ ರಕ್ಷಣೆಯೇನೂ ಕಂಡುಬರಲಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದ ಸಂಗತಿ ಇನ್ನೂ ಗಂಭೀರವಾದುದು: ಮಾತಿನಲ್ಲಿ ತೊಡಗಿದ ಚಾಲಕರು ತಾವು ನೇರವಾಗಿ ದೃಷ್ಟಿಯಿಟ್ಟ ವಸ್ತುಗಳನ್ನೂ ಗ್ರಹಿಸದೆ ಹೋಗುತ್ತಿದ್ದರು. ಕಣ್ಣು ಅಲ್ಲಿತ್ತು, ಉಪಯೋಗ ಅಲ್ಲಿರಲಿಲ್ಲ. ಮುದುಕಿ ಕೇಳಿದ ಪ್ರಶ್ನೆಗೆ ಇದೇ ಉತ್ತರ. ಕಾಯಿದೆಯು ಕೈಯನ್ನು ಹಿಡಿಯಬಲ್ಲುದು. ಮನಸ್ಸನ್ನು ಹಿಡಿಯಬಲ್ಲುದು ವ್ರತ ಮಾತ್ರ.

ಈ ದೋಷವು ಅಲ್ಪವೆಂದು ಎಣಿಸಬಾರದು. 2021ರಲ್ಲಿ ದೇಶದಲ್ಲಿ ಚಾಲನೆಯ ಕಾಲದ ಮೊಬೈಲ್ ಬಳಕೆಯಿಂದ 1,997 ಅಪಘಾತಗಳಾಗಿ 1,040 ಜನ ಸತ್ತರೆಂಬುದು ಕೇಂದ್ರ ಸರಕಾರದ ಲೆಕ್ಕ. ತಾನು ಮಾತನಾಡುತ್ತಿದ್ದೆನೆಂದು ಒಪ್ಪಿಕೊಳ್ಳುವವರು ವಿರಳವಾದುದರಿಂದ ಇದು ಕಂಡಷ್ಟರ ಲೆಕ್ಕ ಮಾತ್ರವೆಂದು ತಿಳಿಯಬೇಕು. ನಮ್ಮ ಭಾಗದ ರಸ್ತೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುಣ್ಣಿಮೆ ಬಂದರೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು, ಕಾಲ್ನಡಿಗೆಯಲ್ಲಿ ಹೋಗುವ ಜನ; ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು; ಶಾಲೆ ಬಿಟ್ಟ ಮಕ್ಕಳು; ದನಕರುಗಳು. ವಿಹಾರದಲ್ಲಿರುವ ನಮ್ಮ ತ್ಯಾಗಿಗಳೂ ಇದೇ ರಸ್ತೆಗಳ ಅಂಚಿನಲ್ಲಿ ನಡೆಯುವವರು.

ಇನ್ನು ದೋಷವು ಚಾಲಕನೊಬ್ಬನದೇ ಎಂಬುದೂ ಸರಿಯಲ್ಲ. ಕೃತ, ಕಾರಿತ, ಅನುಮತ, ಅಂದರೆ ತಾನು ಮಾಡಿದುದು, ಪರರಿಂದ ಮಾಡಿಸಿದುದು, ಮಾಡಿದುದನ್ನು ಒಪ್ಪಿದುದು, ಎಂದು ಆಸ್ರವದ ದಾರಿಗಳು ಮೂರು. ಗಾಡಿಯ ಮೇಲಿದ್ದಾನೆಂದು ತಿಳಿದೂ ಮೇಲಿಂದ ಮೇಲೆ ಕರೆ ಮಾಡುವವನಿಗೆ ಕಾರಿತ ದೋಷವಿದೆ. “ಎಲ್ಲಿಗೆ ಬಂತು ಗಾಡಿ?” ಎಂದು ಟ್ರ್ಯಾಕ್ಟರ್ ಚಾಲಕನನ್ನು ಗಳಿಗೆಗೊಮ್ಮೆ ಕೇಳುವ ಮಾಲಕನು, ಉತ್ತರಿಸದಿದ್ದರೆ ಸಿಟ್ಟಾಗುವನಾದರೆ, ಆ ಕೂಲಿಯವನ ಪ್ರಮಾದದಲ್ಲಿ ಹೆಚ್ಚಿನ ಪಾಲನ್ನು ತಾನೇ ಕೊಂಡಂತಾಯಿತು. ಹಿಂದಿನ ಆಸನದಲ್ಲಿ ಕುಳಿತು, ಮಾತನಾಡುತ್ತ ಓಡಿಸುವವನನ್ನು ತಡೆಯದವನದು ಅನುಮೋದನೆ. ಬಹುಶಃ ಬಹಳ ಜನರನ್ನು ಮುಟ್ಟುವ ಮಾತು ಇದೇ. ಗಾಡಿ ಓಡಿಸಲು ಬಾರದವರೂ ಈ ವ್ರತವನ್ನು ಹಿಡಿಯಬಹುದು, ಹಿಡಿಯಬೇಕು.

“ಆಪತ್ತಿನ ಕರೆಯಾಗಿದ್ದರೆ?” ಎಂಬ ಆಕ್ಷೇಪವುಂಟು. ಆಪತ್ತಿನ ಸುದ್ದಿಯನ್ನು ಓಡುವ ಗಾಡಿಯಲ್ಲಿ ಕೇಳುವುದು ಎಲ್ಲಕ್ಕಿಂತ ಅಪಾಯಕರ. ಬದಿಗೆ ನಿಲ್ಲಿಸಿ ಕೇಳಿದರೆ ಎರಡು ನಿಮಿಷ ಹೋಗುತ್ತದೆ, ಮತ್ತೇನೂ ಹೋಗುವುದಿಲ್ಲ. ದಾರಿ ತೋರುವ ನಕ್ಷೆಗಾಗಿ ಮೊಬೈಲ್ ಬಳಸಲು, ಗಮನ ಕದಲದಂತೆ ಎಂಬ ಷರತ್ತಿನೊಡನೆ, 2020ರ ಅಕ್ಟೋಬರ್ 1ರಿಂದ ನಿಯಮವು ಅವಕಾಶ ಕೊಟ್ಟಿದೆ. ಅದನ್ನೂ ಹೊರಡುವ ಮುನ್ನವೇ ಹೊಂದಿಸಿ ಇಡಬೇಕು. ನಡುವೆ ಬದಲಿಸಬೇಕಾದರೆ ನಿಲ್ಲಬೇಕು.

ಶ್ರಾವಕನ ವ್ರತಗಳಲ್ಲಿ ದೇಶಾವಕಾಶಿಕವೆಂಬುದು ನಿಯತ ಕಾಲಕ್ಕೆ, ನಿಯತ ಕ್ಷೇತ್ರಕ್ಕೆ ತನ್ನನ್ನು ಮಿತಗೊಳಿಸಿಕೊಳ್ಳುವುದು. ಅನರ್ಥದಂಡ ವಿರತಿಯು ಪ್ರಮಾದಚರ್ಯೆಯನ್ನು ಬಿಡಿಸುತ್ತದೆ. ಊಟದ ಹೊತ್ತಿನ ಮೌನವಂತೂ ನಮಗೆ ರೂಢಿಯಲ್ಲಿದ್ದದ್ದೇ. ಇವುಗಳ ನೆರಳಿನಲ್ಲಿ ನಾನು ಒಂದು ಚಿಕ್ಕ ನಿಯಮವನ್ನು ಹಿಡಿದಿದ್ದೇನೆ: ಕೀಲಿ ತಿರುವಿದಲ್ಲಿಂದ ಕೀಲಿ ತೆಗೆಯುವವರೆಗೆ ಮೊಬೈಲಿನ ಉಪವಾಸ. ಹೊರಡುವಾಗ ಅದರ ಸದ್ದಡಗಿಸಿ ಚೀಲದೊಳಗೆ ಇಡುತ್ತೇನೆ. ಕಿಸೆಯಲ್ಲಿದ್ದರೆ ಕೈ ಅತ್ತ ಹೋಗುತ್ತದೆ. ಎಷ್ಟು ಹೊತ್ತಿಗೆ ತಲಪುವೆನೆಂದು ಮನೆಯಲ್ಲಿ ಮೊದಲೇ ಹೇಳುತ್ತೇನೆ. ನಾನು ಯಾರಿಗಾದರೂ ಕರೆ ಮಾಡಿದಾಗ “ಗಾಡಿ ಮ್ಯಾಲ ಅದೀರೇನ್ರಿ?” ಎಂದು ಮೊದಲು ಕೇಳಿ, ಹೌದೆಂದರೆ ಕೂಡಲೇ ಇಟ್ಟುಬಿಡುತ್ತೇನೆ. ಮೊದಮೊದಲು ಎರಡು ಸಲ ನಿಯಮ ತಪ್ಪಿತು. ಅತಿಚಾರವೆಂದು ಒಪ್ಪಿಕೊಂಡು ಮರುದಿನ ಒಂದು ಹೊತ್ತಿನ ಊಟ ಬಿಟ್ಟೆ. ಆ ಹಸಿವೆಯೇ ಮುಂದೆ ನೆನಪು ಮಾಡಿಕೊಟ್ಟಿತು.

ಹೀಗಿದ್ದೂ ಒಮ್ಮೆ ದಾರಿಯಲ್ಲೇ ಹೊತ್ತು ಮುಳುಗಿತು. ಆ ರಾತ್ರಿ ಉಣ್ಣದೆ ಮಲಗಿದೆ. ಎರಡು ವ್ರತಗಳೂ ಉಳಿದವು. ಉಪವಾಸವು ಶರೀರವನ್ನು ದಂಡಿಸುವುದಕ್ಕಲ್ಲ, ಎಚ್ಚರವನ್ನು ಬೆಳೆಸುವುದಕ್ಕೆ ಎಂದು ಹಿರಿಯರು ಹೇಳುತ್ತಿದ್ದ ಮಾತು ಅಂದು ನನಗೆ ಅರ್ಥವಾಯಿತು. ಬರುವ ಅಷ್ಟಮಿಗೆ ಉಪವಾಸ ಹಿಡಿಯುವ ಬಂಧುಗಳು ಇದನ್ನೂ ಜೊತೆಗೆ ಹಿಡಿಯಲೆಂದು ವಿನಂತಿ.