ಹಗ್ಗ ಮಾರಿದ ಲಿಂಗ, ಅಡಿಕೆ ಕೊಳ್ಳುವ ಮಂಡಿ

ಶಿವಮೊಗ್ಗದ ಎಪಿಎಂಸಿ ಯಾರ್ಡಿನಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆ ಚೀಲಗಳು ಇಳಿಯುವ ಹೊತ್ತಿಗಾಗಲೇ ಅವುಗಳ ಬೆಲೆಯ ಮೇಲೆ ಹಲವರ ಹಕ್ಕು ಬಿದ್ದಿರುತ್ತದೆ. ಬಾಡಿಗೆ, ಹಮಾಲಿ, ತೂಕ, ದಲಾಲಿ, ಮಾರುಕಟ್ಟೆ ಶುಲ್ಕ. ಇವಿಷ್ಟು ಲೆಕ್ಕದಲ್ಲಿ ಕಾಣುವವು. ಯಾರ ಬಳಿ ಎಷ್ಟು ದರ ಎಂದು ವಿಚಾರಿಸುತ್ತ ಕಳೆದ ದಿನ, ಹಣ ಕೈಗೆ ಬರುವವರೆಗಿನ ಕಾಯುವಿಕೆ, ಚೀಲದ ತಳದಲ್ಲಿ ಏನಿದೆಯೋ ಎಂಬ ಖರೀದಿದಾರನ ಅನುಮಾನ, ಇವು ಯಾವ ಚೀಟಿಯಲ್ಲೂ ಕಾಣುವುದಿಲ್ಲ. ಬೆಳೆದವನ ಬೆವರು ಪವಿತ್ರ, ನಡುವೆ ನಿಂತವನ ಗಳಿಕೆ ಪರರ ಗಂಟು ಎಂಬ ತೀರ್ಪು ನಮ್ಮಲ್ಲಿ ಹಳೆಯದು. ಕಾಯಕದ ಹೆಸರು ಹೇಳಿಯೇ ಅದನ್ನು ಕೊಡುವವರಿದ್ದಾರೆ. ಹಗ್ಗ ಹೊಸೆಯುತ್ತಿದ್ದ ಶರಣ ನುಲಿಯ ಚಂದಯ್ಯನ ಕಥೆ ಮಾತ್ರ ಬೇರೆ ಹೇಳುತ್ತದೆ. ಹುಲ್ಲು ಕೊಯ್ಯುವಾಗ ಕಳಚಿ ಬಿದ್ದ ಇಷ್ಟಲಿಂಗವನ್ನು ಅವನು ಲೆಕ್ಕಿಸಲಿಲ್ಲ. ಬೆನ್ನು ಹತ್ತಿ ಬಂದ ಲಿಂಗಕ್ಕೆ ಕೊನೆಗೆ ಒಂದು ಕೆಲಸ ಗೊತ್ತಾಯಿತು: ಅವನು ಹೊಸೆದ ಹಗ್ಗವನ್ನು ಮಾರಿ ಬರುವುದು. ಸಲ್ಲಬೇಕಾದ್ದಕ್ಕಿಂತ ಹೆಚ್ಚು ಹಣ ಬಂದಾಗ ಚಂದಯ್ಯ ಒಪ್ಪಲಿಲ್ಲ. ಅಂದರೆ ಮಾರುವುದೂ ಕಾಯಕವೇ ಎಂದು ಕಥೆ ಒಪ್ಪಿದೆ, ದೇವರನ್ನೇ ದಲ್ಲಾಳಿ ಮಾಡಿದೆ. ಅದರ ತಕರಾರೆಲ್ಲ ಹೆಚ್ಚುವರಿ ಹಣದ ಮೇಲೆ. ಹಾಗಾದರೆ ಸಲ್ಲಬೇಕಾದ್ದು ಎಲ್ಲಿಗೆ ಮುಗಿಯುತ್ತದೆ?

ಭದ್ರಾವತಿಯ ನ್ಯೂ ಟೌನ್ ಕಡೆ ನೋಡಿದರೆ ಪ್ರಶ್ನೆ ಸ್ವಲ್ಪ ತಿಳಿಯಾಗುತ್ತದೆ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ನೆರಳಲ್ಲಿ ಬೆಳೆದ ಬಡಾವಣೆ ಅದು. ಕುಲುಮೆಯ ಮುಂದೆ ನಿಂತವನು ಕೆಮ್ಮಣ್ಣುಗುಂಡಿಯಿಂದ ಬಂದ ಅದಿರಿಗೆ ದಿನಬೆಳಗಾದರೆ ಚೌಕಾಶಿ ಮಾಡಬೇಕಾಗಿರಲಿಲ್ಲ. ಎಲ್ಲವೂ ಒಂದೇ ಆಡಳಿತದ ಕೆಳಗಿತ್ತು. ಇಂಥ ಸಂಸ್ಥೆಗಳು ಯಾಕೆ ಹುಟ್ಟುತ್ತವೆ ಎಂದು ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲಿ ಕೇಳಿದ. ಪೇಟೆಯನ್ನು ಬಳಸುವುದಕ್ಕೇ ಖರ್ಚಿದೆ, ಅದನ್ನು ಉಳಿಸಲು ಎಂಬುದು ಅವನ ಉತ್ತರ. ಪಕ್ಕದ ತೋಟದವನಿಗೆ ಅಂಥ ಸೂರು ಇಲ್ಲ. ಅವನು ಪ್ರತಿ ಫಸಲಿಗೂ ಹೊಸದಾಗಿ ವಿಚಾರಿಸಬೇಕು, ತೂಗಿಸಬೇಕು, ನಂಬಬೇಕು. (ಸೂರಿನ ಭದ್ರತೆಯೂ ಶಾಶ್ವತವಲ್ಲ, ಅದೇ ಕಾರ್ಖಾನೆಯನ್ನು ಮುಚ್ಚುವ ಮಾತು 2023ರಲ್ಲಿ ಬಂತು.)

ಎಲ್ಲರೂ ಸತ್ಯವಂತರಾದರೆ ಈ ಖರ್ಚೆಲ್ಲ ತಾನೇ ಇಲ್ಲವಾಗುತ್ತದೆ, ಇದು ಮನುಷ್ಯರ ಲೋಭದ ಫಲ ತಾನೆ ಎನ್ನಬಹುದು. ಧಾರ್ಮಿಕ ಮನಸ್ಸಿಗೆ ಬಹಳ ಹಿಡಿಸುವ ಈ ಮಾತು ಅರ್ಧ ಮಾತ್ರ ನಿಜ. ಮಾರುವವರೂ ಕೊಳ್ಳುವವರೂ ಇಬ್ಬರೂ ಶರಣರೇ ಆಗಿರಲಿ; ಬೇಯಿಸಿ ಒಣಗಿಸಿದ ರಾಶಿ ಅಡಿಕೆ ಒಳಗೆ ಪೂರ್ತಿ ಒಣಗಿದೆಯೋ ಇಲ್ಲವೋ ಎಂಬುದು ಬೆಳೆದವನಿಗೂ ಖಚಿತವಾಗಿ ತಿಳಿದಿರುವುದಿಲ್ಲ. ಚೀಲಕ್ಕೆ ಕೈ ಹಾಕಿ, ನಾಲ್ಕು ಅಡಿಕೆ ತೆಗೆದು, ಕತ್ತರಿಸಿ ನೋಡಲೇಬೇಕು. ಅದಕ್ಕೆ ಪಳಗಿದ ಕಣ್ಣು ಬೇಕು, ಹೊತ್ತು ಬೇಕು. ತಿಳಿಯದಿರುವುದು ಪಾಪವಲ್ಲ, ತಿಳಿದುಕೊಳ್ಳುವ ಶ್ರಮಕ್ಕೆ ಕೂಲಿ ಕೇಳುವುದೂ ಅಲ್ಲ. ಪಾಪ ಶುರುವಾಗುವುದು ಒಬ್ಬನಿಗೆ ತಿಳಿದದ್ದನ್ನು ಇನ್ನೊಬ್ಬನಿಂದ ಬೇಕೆಂದೇ ಮರೆಮಾಡಿ ಆ ಮರೆಗೇ ಬೆಲೆ ವಸೂಲಿ ಮಾಡಿದಾಗ. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುವ ಪದ್ಧತಿಯಲ್ಲಿ ದಲ್ಲಾಳಿಗೆ ಎರಡೂ ಕಡೆಯ ಮನಸ್ಸು ಗೊತ್ತು, ಅವರಿಬ್ಬರಿಗೆ ಪರಸ್ಪರ ಗೊತ್ತಿಲ್ಲ. ಅವನ ದುಡಿಮೆಯ ಪಾಲಿಗೆ ನನ್ನ ಆಕ್ಷೇಪವಿಲ್ಲ. ಟವೆಲಿಗೆ ಇದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ನಮ್ಮವರು ನಮ್ಮವರೊಳಗೆ ವ್ಯವಹರಿಸಿದರೆ ಪರೀಕ್ಷೆ, ಪತ್ರ, ಸಾಕ್ಷಿ ಯಾವುದೂ ಬೇಡ, ಒಂದು ಮಾತು ಸಾಕು ಎನ್ನುತ್ತಾರೆ. ನಿಜ, ಇದರಿಂದ ಖರ್ಚು ಇಳಿಯುತ್ತದೆ. ಮಡಗಾಸ್ಕರಿನ ಧಾನ್ಯ ವ್ಯಾಪಾರಿಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಫಾಫ್‌ಶಾಂ ಮತ್ತು ಮಿಂಟೆನ್, ಪರಿಚಯದ ಬಳಗ ದೊಡ್ಡದಿದ್ದವನ ವ್ಯಾಪಾರವೂ ದೊಡ್ಡದೆಂದು ಕಂಡರು. ಶಿಕಾರಿಪುರದ ಬಳಿಯ ಬಳ್ಳಿಗಾವಿಯ ಶಾಸನಗಳಲ್ಲಿ ಬರುವ ವರ್ತಕ ಸಂಘ ಅಯ್ಯಾವೊಳೆ ಐನೂರ್ವರ ಬಲವೂ ಇಂಥದ್ದೇ. ದೂರದೂರಿನಲ್ಲೂ ಸಂಘದವನ ಮಾತಿಗೆ ಬೆಲೆಯಿತ್ತು. ಆದರೆ ಆ ಬಳಗದಲ್ಲಿ ಹುಟ್ಟದವನ ಗತಿ? ಅವನು ಎಷ್ಟೇ ಪ್ರಾಮಾಣಿಕನಾಗಿರಲಿ, ಪ್ರತಿ ಸಲ ಹೊಸಬನಂತೆ ಪರೀಕ್ಷೆಗೆ ನಿಲ್ಲಬೇಕು. ಅಗ್ಗದ ನಂಬಿಕೆಯ ಪೂರ್ತಿ ಬೆಲೆಯನ್ನು ತೆರುವವನು ಅವನು. ಅದೇ ಬಳ್ಳಿಗಾವಿಯನ್ನು ಪರಂಪರೆ ಅಲ್ಲಮನ ಹುಟ್ಟೂರು ಎನ್ನುತ್ತದೆ. ಅವನನ್ನು ಗುರುವಾಗಿ ಕಂಡ ಶರಣರು ಹುಟ್ಟನ್ನು ಯೋಗ್ಯತೆಯ ಸಾಕ್ಷಿಯಾಗಿ ಒಪ್ಪಲಿಲ್ಲ. ಮಂಡಿಗೂ ಆ ನಿಲುವು ಅನ್ವಯಿಸಬೇಕೆಂಬುದು ನನ್ನ ವಾದ. ಗುರುತಿಲ್ಲದವನನ್ನೂ ನಂಬುವಂತೆ ಮಾಡುವ ತಕ್ಕಡಿ, ದರಪಟ್ಟಿ, ನಿಯಮ ಇವು ಬರೀ ಆಡಳಿತದ ಸಂಗತಿಗಳಲ್ಲ, ಧರ್ಮದ ಸಂಗತಿಗಳು. 1939ರಲ್ಲಿ ಶಿವಮೊಗ್ಗದಲ್ಲಿ ಬೆಳೆಗಾರರೇ ಕಟ್ಟಿಕೊಂಡ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್ ಆ ದಿಕ್ಕಿನದು: ಅಲ್ಲಿ ಸದಸ್ಯತ್ವ ಬರೆದು ಪಡೆಯುವಂಥದ್ದು, ಹುಟ್ಟಿನಿಂದ ಬರುವಂಥದ್ದಲ್ಲ. ಸಹಕಾರ ಸಂಘಗಳೊಳಗೆ ಜಾತಿ ನುಸುಳುವುದಿಲ್ಲವೆಂದಲ್ಲ. ನುಸುಳಿದಾಗ ತಪ್ಪೆಂದು ತೋರಿಸಲು ಅಲ್ಲೊಂದು ಬೈಲಾ ಇರುತ್ತದೆ.

ಕಂಪ್ಯೂಟರ್ ಬಂದ ಮೇಲೆ ಇದೆಲ್ಲ ಹಳೆಯ ಕಥೆ ಎನ್ನುವವರಿಗೆ ಉತ್ತರ ಚಿಕ್ಕದು. 2014ರಲ್ಲಿ ರಾಜ್ಯ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ತಂದಿತು. ಇ-ಟೆಂಡರಿನಲ್ಲಿ ಟವೆಲ್ ನಿಜಕ್ಕೂ ಸರಿಯಿತು. ಆದರೆ ಪರದೆಯ ಮೇಲೆ ದರ ಕಾಣುತ್ತದೆ, ಅಡಿಕೆಯ ಒಳಗು ಕಾಣುವುದಿಲ್ಲ. ಸಾಲವಂತೂ ಕಾಣುವುದೇ ಇಲ್ಲ. ಮಗಳ ಮದುವೆಗೋ ಕೊಳೆರೋಗಕ್ಕೆ ಔಷಧಿ ಹೊಡೆಸಲೋ ಮಂಡಿಯಿಂದ ಮುಂಗಡ ತಂದವನ ಅಡಿಕೆ ಆ ಮಂಡಿಗೇ ಹೋಗಬೇಕು. ಬಡ್ಡಿ ಎಷ್ಟು, ದಲಾಲಿ ಎಷ್ಟು, ದರದಲ್ಲಿ ಬಿಟ್ಟುಕೊಟ್ಟದ್ದೆಷ್ಟು ಎಂಬುದು ಒಂದೇ ಮೊತ್ತದಲ್ಲಿ ಕಲಸಿಹೋಗುತ್ತದೆ. ಬ್ಯಾಂಕು ಕಾಗದ ಕೇಳುವ ಹೊತ್ತಿನಲ್ಲಿ ಮಂಡಿ ದುಡ್ಡು ಕೊಟ್ಟಿತ್ತು ಎಂಬುದನ್ನೂ ಮರೆಯುವಂತಿಲ್ಲ. ಆ ಅಪಾಯ ಹೊತ್ತದ್ದಕ್ಕೆ ಸಾಹುಕಾರನಿಗೆ ಏನೋ ಒಂದು ಸಲ್ಲಬೇಕು. ಆದರೆ ಚಂದಯ್ಯನ ಹಗ್ಗದ ಲೆಕ್ಕ ಇಲ್ಲಿ ಬಿಡಿಸಬೇಕಾದರೆ ಮೊದಲು ಆ ಮೊತ್ತವನ್ನು ಮೂರು ಸಾಲಾಗಿ ಒಡೆದು ಚೀಟಿಯಲ್ಲಿ ಬರೆದು ಬೆಳೆಗಾರನ ಕೈಗೆ ಕೊಡಬೇಕು. ಯಾವ ಸಾಲಿಗೆ ಜಗಳ ಹೂಡಬೇಕೆಂದು ಅವನೇ ನೋಡಿಕೊಳ್ಳುತ್ತಾನೆ.