ಅಗ್ಗದ ದೊಡ್ಡ ಕಾರು

ಪರಿಗ್ರಹಕ್ಕೆ ಮಿತಿಯನ್ನು ಹಾಕಿಕೊಳ್ಳಬೇಕೆಂದು ನಮ್ಮ ಶ್ರಾವಕಾಚಾರ ಗ್ರಂಥಗಳೆಲ್ಲವೂ ವಿಧಿಸುತ್ತವೆ. ಆದರೆ ಆ ಮಿತಿಯನ್ನು ಯಾವುದರಿಂದ ಅಳೆಯಬೇಕು? ವಸ್ತುವಿಗೆ ನಾವು ತೆತ್ತ ಹಣದಿಂದಲೋ, ವಸ್ತುವಿನ ಗಾತ್ರದಿಂದಲೋ, ಅಥವಾ ಅದನ್ನು ಉಳಿಸಿಕೊಳ್ಳಲು ಮುಂದೆ ತೆರಬೇಕಾದ ಶ್ರಮ ಮತ್ತು ಚಿಂತೆಗಳಿಂದಲೋ? ಈ ಪ್ರಶ್ನೆಯು ನನಗೆ ಎದುರಾದದ್ದು ಯಾವುದೇ ಪ್ರವಚನ ಮಂದಿರದಲ್ಲಲ್ಲ. ಸಾಲಗಾಮೆಯ ನಮ್ಮ ಮನೆಯ ಜಗಲಿಯ ಮೇಲೆ, ಹಳೆಯ ಕಾರೊಂದರ ನೆಪದಲ್ಲಿ.

ನನ್ನ ಅಕ್ಕನ ಮಗ ಊರಿನಲ್ಲಿ ಸಣ್ಣದೊಂದು ಪಾತ್ರೆ ಅಂಗಡಿಯನ್ನು ನಡೆಸುತ್ತಾನೆ. ಅಕ್ಕನಿಗೆ ಮಂಡಿನೋವು, ತಿಂಗಳಿಗೆರಡು ಬಾರಿ ಹಾಸನದ ವೈದ್ಯರಲ್ಲಿಗೆ ಹೋಗಬೇಕು. ಬಸ್ಸಿನ ಮೆಟ್ಟಿಲು ಹತ್ತಲಾರದವಳಿಗೆ ವಾಹನ ಅನಿವಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ಅವನು ಕೂಡಿಟ್ಟದ್ದು ನಾಲ್ಕೂವರೆ ಲಕ್ಷ ರೂಪಾಯಿ. ಈ ಹಣಕ್ಕೆ ಐದಾರು ವರ್ಷ ಓಡಿದ ಚಿಕ್ಕ ಕಾರು ಸಿಗುತ್ತದೆ. ಆದರೆ ಅವನ ಕಣ್ಣು ಬಿದ್ದದ್ದು 2013ರ ಮಾದರಿಯ ಒಂದು ದೊಡ್ಡ ಡೀಸೆಲ್ ಕಾರಿನ ಮೇಲೆ. ವ್ಯಾಪಾರದವರು ಅದನ್ನು ಎಕ್ಸಿಕ್ಯುಟಿವ್ ವರ್ಗವೆನ್ನುತ್ತಾರೆ. ಹೊಸದಾಗಿದ್ದಾಗ ಅದರ ಬೆಲೆ ಹದಿನಾರು ಲಕ್ಷವನ್ನು ಮೀರಿತ್ತಂತೆ. "ಮಾವ, ಹದಿನಾರು ಲಕ್ಷದ ಗಾಡಿ ನಾಲ್ಕೂವರೆಗೆ ಬರ್ತಾ ಇದೆ. ಇದರಲ್ಲಿ ದುರಾಸೆ ಏನು ಬಂತು? ದುಡ್ಡು ಅಷ್ಟೇ ತಾನೇ ಹೋಗೋದು?" ಎಂದು ಅವನು ಕೇಳಿದ.

ಅವನ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಹಣವೇ ಅಳತೆಯಾದರೆ ಎರಡು ಕಾರುಗಳೂ ಸಮಾನ. ಇದಲ್ಲದೆ, ಈಗಾಗಲೇ ತಯಾರಾದ ವಸ್ತುವನ್ನು ಅದರ ಆಯುಷ್ಯ ಮುಗಿಯುವವರೆಗೆ ಬಳಸುವುದು ಹೊಸದನ್ನು ತಯಾರಿಸುವುದಕ್ಕಿಂತ ಅಲ್ಪಾರಂಭದ ಮಾರ್ಗವೇ ಸರಿ. ಸುರಕ್ಷತೆಯ ಮಾತೂ ಇದೆ. ಅಂದಿನ ದೊಡ್ಡ ಕಾರುಗಳಲ್ಲಿ ಏರ್‌ಬ್ಯಾಗ್, ಎಬಿಎಸ್ ಬ್ರೇಕುಗಳು ಇರುತ್ತಿದ್ದವು. ಅದೇ ಕಾಲದ ಅನೇಕ ಚಿಕ್ಕ ಕಾರುಗಳಲ್ಲಿ ಇರುತ್ತಿರಲಿಲ್ಲ. ಪ್ರಾಣರಕ್ಷಣೆಗಾಗಿ ದೊಡ್ಡದನ್ನು ಕೊಳ್ಳುವುದು ಆಡಂಬರವೆನಿಸದು. ಆದರೆ ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಎಬಿಎಸ್ ಬ್ರೇಕೂ, ಅದೇ ವರ್ಷದ ಜುಲೈನಿಂದ ಚಾಲಕನ ಏರ್‌ಬ್ಯಾಗೂ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದುವು. ಆದ್ದರಿಂದ 2020ರ ಚಿಕ್ಕ ಕಾರನ್ನು ಎದುರಿಗಿಟ್ಟುಕೊಂಡರೆ ಈ ವಾದಕ್ಕೆ ಮೊದಲಿನ ಬಲ ಉಳಿಯುವುದಿಲ್ಲ.

ತಾಯಿಯ ಸೌಖ್ಯದ ಮಾತಂತೂ ಒಂದೇ ದಿನದಲ್ಲಿ ಇತ್ಯರ್ಥವಾಯಿತು. ಕಾರನ್ನು ನೋಡಲು ಹಾಸನಕ್ಕೆ ಹೋದಾಗ ಅಕ್ಕನನ್ನೂ ಕರೆದೊಯ್ದಿದ್ದೆವು. ಇಂಥ ಕಾರುಗಳ ಆಸನ ನೆಲಕ್ಕೆ ಸಮೀಪ. ಬಾಗಿಲು ತೆರೆದು ಇಣುಕಿದ ಅಕ್ಕ, "ಇಷ್ಟು ತಗ್ಗಲ್ಲಿ ಕೂತ್ರೆ ನನ್ನನ್ನ ಎತ್ತೋರು ಯಾರಪ್ಪಾ?" ಎಂದಳು. ಪಕ್ಕದಲ್ಲಿದ್ದ ಚಿಕ್ಕ ಕಾರಿನಲ್ಲಿ, ಕುರ್ಚಿಯಲ್ಲಿ ಕುಳಿತಂತೆ, ಯಾರ ನೆರವೂ ಇಲ್ಲದೆ ಕುಳಿತು ಎದ್ದಳು. ಅಳಿಯ ಏನೂ ಮಾತನಾಡಲಿಲ್ಲ. ಆದರೂ ಅವನ ಕೈ ಆ ದೊಡ್ಡ ಕಾರಿನ ಬಾನೆಟ್ಟಿನ ಮೇಲೆಯೇ ಇತ್ತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಮಿತ ಪರಿಗ್ರಹ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಮೊದಲನೆಯದೇ ವಾಹನಕ್ಕೆ ಸಂಬಂಧಿಸಿದ್ದು. ಎತ್ತು ಕುದುರೆಗಳನ್ನು ಅವುಗಳ ಶಕ್ತಿಗೆ ಮೀರಿ ನಡೆಸುವುದೆಂದು ಕೆಲವರು, ಅಗತ್ಯಕ್ಕೆ ಮೀರಿ ವಾಹನಗಳನ್ನು ಇಟ್ಟುಕೊಳ್ಳುವುದೆಂದು ಕೆಲವರು ಇದಕ್ಕೆ ಅರ್ಥ ಹೇಳುತ್ತಾರೆ. ದಿನದಿನದ ನಿಯಮಕ್ಕೆ ಒಳಪಡಿಸಬೇಕಾದ ಭೋಗೋಪಭೋಗಗಳನ್ನು ಹೇಳುವಾಗಲೂ ಅದೇ ಆಚಾರ್ಯರು ಭೋಜನದ ಬೆನ್ನಿಗೇ ವಾಹನವನ್ನು ಇಟ್ಟಿದ್ದಾರೆ. ಆದರೆ ಆ ದಿನ ನನ್ನ ಮನಸ್ಸನ್ನು ಹಿಡಿದದ್ದು ಮೂರನೆಯದು, ವಿಸ್ಮಯ: ಪರರ ಸಂಪತ್ತನ್ನು ಕಂಡು ಬೆರಗಾಗುವುದು. ಬೆರಗು ಏಕೆ ದೋಷವಾಗಬೇಕೆಂದು ಯೌವನದಲ್ಲಿ ನನಗೆ ಅರ್ಥವಾಗಿರಲಿಲ್ಲ. ಅಗತ್ಯದ ಕಾರಣಗಳೆಲ್ಲ ಒಂದೊಂದಾಗಿ ಕಳಚಿಬಿದ್ದ ಮೇಲೂ ಬಾನೆಟ್ಟಿನ ಮೇಲೆ ಉಳಿದಿದ್ದ ಆ ಕೈಯನ್ನು ಕಂಡಾಗ ಅರ್ಥವಾಯಿತು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಆ ಕಾರಿನ ಆಸನಗಳು ಚರ್ಮದವು. "ನಾನೇನು ಹೇಳಿ ಮಾಡಿಸಿದ್ದಲ್ಲವಲ್ಲ ಮಾವ, ಹತ್ತು ಹನ್ನೆರಡು ವರ್ಷದ ಹಿಂದೆ ಯಾರೋ ಮಾಡಿಸಿದ್ದು" ಎಂದ. ಕೃತ, ಕಾರಿತಗಳು ಅವನಿಗೆ ತಗಲುವುದಿಲ್ಲ, ನಿಜ. ಆದರೆ ಆ ಆಸನಗಳಿಗಾಗಿಯೇ ಹತ್ತು ಸಾವಿರ ಹೆಚ್ಚು ಕೊಡಲು ಸಿದ್ಧನಾದವನು ಅನುಮೋದನೆಯಿಂದ ಹೇಗೆ ತಪ್ಪಿಸಿಕೊಂಡಾನು? ಇದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ನನ್ನ ಕಾಲಿನ ಚಪ್ಪಲಿಯನ್ನು ನೋಡಿಕೊಂಡು ನಾನೂ ಮಾತನ್ನು ಬೆಳೆಸಲಿಲ್ಲ.

ಈಗ ಹಣದ ವಿಚಾರ. ಹದಿನಾರು ಲಕ್ಷದ ವಸ್ತು ನಾಲ್ಕೂವರೆಗೆ ಇಳಿದದ್ದು ಏಕೆ? ಕಬ್ಬಿಣ ಕಡಿಮೆಯಾಗಲಿಲ್ಲ, ಇಂಜಿನ್ ಚಿಕ್ಕದಾಗಲಿಲ್ಲ. ಕಾರಿನ ಬೆಲೆ ವರ್ಷಕ್ಕೆ ವರ್ಷ ಇಳಿಯುತ್ತದೆ. ಅದರ ಹಸಿವು ಮಾತ್ರ ಇಳಿಯುವುದಿಲ್ಲ. ಅದರ ಬಿಡಿಭಾಗಗಳಿಗೆ ಇಂದೂ ಹದಿನಾರು ಲಕ್ಷದ ಕಾರಿನ ಬೆಲೆಯೇ. ಟೈರು, ಕ್ಲಚ್, ಡೀಸೆಲ್ ಇಂಜೆಕ್ಟರು, ಯಾವುದನ್ನು ಬದಲಿಸಿದರೂ ಚಿಕ್ಕ ಕಾರಿನ ಖರ್ಚಿಗೆ ಹೋಲಿಕೆಯಿಲ್ಲ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ನಿನಲ್ಲಿ ಅದನ್ನು ಅವಧಿಗೆ ಸರಿಯಾಗಿ ಬದಲಿಸದೆ ತುಂಡಾದರೆ, ವಾಲ್ವುಗಳು ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಹಾಳಾಗಬಹುದು. ವಿಮೆಯನ್ನೇ ನೋಡಿ. ಮೂರನೆಯವರಿಗಾಗುವ ಹಾನಿಯ ಕಡ್ಡಾಯ ವಿಮೆಯ ಕಂತು ಕಾರಿನ ವಯಸ್ಸನ್ನಾಗಲಿ, ಕೊಂಡ ಬೆಲೆಯನ್ನಾಗಲಿ ಕೇಳುವುದಿಲ್ಲ. ಇಂಜಿನ್ನಿನ ಸಾಮರ್ಥ್ಯವನ್ನು ಮಾತ್ರ ಕೇಳುತ್ತದೆ. 2022ರಲ್ಲಿ ಗೊತ್ತುಪಡಿಸಿದ ದರದಂತೆ ಸಾವಿರ ಸಿಸಿ ಮೀರದ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,500 ಸಿಸಿ ಮೀರಿದ್ದಕ್ಕೆ 7,897 ರೂಪಾಯಿ. ಮೇಲಾಗಿ 2013ರ ಕಾರಿನ ನೋಂದಣಿಯ ಹದಿನೈದು ವರ್ಷ 2028ಕ್ಕೆ ಮುಗಿಯುತ್ತದೆ. ಅನಂತರ ತಪಾಸಣೆ ಮಾಡಿಸಿ, ಶುಲ್ಕ ತೆತ್ತು ನವೀಕರಿಸಬೇಕು. ಹೀಗಾಗಿ ಅಗ್ಗವೆಂದು ನಾವು ಕರೆಯುವುದು, ಒಬ್ಬನು ಹೊರಲಾರೆನೆಂದು ಇಳಿಸಿದ ಖರ್ಚನ್ನು ಇನ್ನೊಬ್ಬನು ಹೊತ್ತುಕೊಳ್ಳುವುದೇ ಆಗಿದೆ. ಕೈಯಲ್ಲಿದ್ದುದೆಲ್ಲವನ್ನೂ ಕೊಳ್ಳುವುದಕ್ಕೇ ಸುರಿದವನ ಬಳಿ ಆ ಹೊರೆಗೆ ಹೆಗಲೆಲ್ಲಿದೆ?

ಇಷ್ಟನ್ನು ಅಳಿಯನಿಗೆ ಹೇಳಿ ಸುಮ್ಮನಾಗಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಅವನು ಕೇಳಿದ ಮುಂದಿನ ಪ್ರಶ್ನೆ ನನ್ನನ್ನು ಕಲಕಿತು. "ಇದನ್ನ ಮಾರ್ತಿರೋನಿಗೆ ಇದೆಲ್ಲ ಗೊತ್ತಿರುತ್ತಲ್ಲ ಮಾವ? ಹೇಳ್ಬೇಕಲ್ವಾ ಅವನು?"

2009ರಲ್ಲಿ ನಾನು ಹೈಸ್ಕೂಲು ಮೇಷ್ಟ್ರಾಗಿದ್ದಾಗ ನನ್ನ ಹಳೆಯ ಕಾರನ್ನು ತೊಂಬತ್ತು ಸಾವಿರಕ್ಕೆ ಮಾರಿದೆ. ಅದರ ರೇಡಿಯೇಟರಿನ ನೀರು ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಬೇಕು, ಹದಿನೆಂಟು ಸಾವಿರವಾದೀತು ಎಂದು ಮೆಕ್ಯಾನಿಕ್ ಹೇಳಿದ್ದ. ನಾನು ಬಿಚ್ಚಿಸಲಿಲ್ಲ, ಪ್ರತಿ ಬೆಳಗ್ಗೆ ನೀರು ತುಂಬಿಸುತ್ತಿದ್ದೆ, ಮಾರಾಟದ ಆಲೋಚನೆ ಮಾಡುತ್ತಿದ್ದೆ. ಕೊಳ್ಳಲು ಬಂದವನು ಪಕ್ಕದ ಹಳ್ಳಿಯ ಆಲೂಗೆಡ್ಡೆ ಬೆಳೆಗಾರ, ಇಪ್ಪತ್ತೈದರ ಹುಡುಗ. ಅವನು ಬರುವ ಅರ್ಧ ಗಂಟೆ ಮೊದಲು ನಾನು ನೀರು ತುಂಬಿಸಿಟ್ಟಿದ್ದೆ. ಅವನು ಬಾನೆಟ್ ತೆರೆಯಲೂ ಇಲ್ಲ. "ಮೇಷ್ಟ್ರೇ, ನಿಮ್ ಗಾಡಿ ಅಂದ್ಮೇಲೆ ನೋಡೋದೇನಿದೆ? ಏನಾದ್ರೂ ಇದ್ದಿದ್ರೆ ನೀವೇ ಹೇಳ್ತಿದ್ರಿ" ಎಂದ. ನಾನು ನಕ್ಕೆ. ಕಾಫಿ ತರಿಸಿದೆ.

ಮೂರು ತಿಂಗಳ ನಂತರ ಧರ್ಮಸ್ಥಳದಿಂದ ಹಿಂದಿರುಗುವಾಗ ಶಿರಾಡಿ ಘಾಟಿಯ ಏರಿನಲ್ಲಿ ಇಂಜಿನ್ ಕಾದು ಹಿಡಿದುಕೊಂಡಿತು. ಹೆಂಡತಿ, ಎಳೆಯ ಕೂಸಿನೊಡನೆ ಅವನು ಮಳೆಯ ರಾತ್ರಿಯನ್ನು ಆ ಕಾಡಿನ ರಸ್ತೆಯಲ್ಲಿ ಕಳೆದ. ದುರಸ್ತಿಗೆ ನಲವತ್ತು ಸಾವಿರ ತಗಲಿತು. ಜಗಳಕ್ಕೆ ಬಂದಾನೆಂದು ನಾನು ಉತ್ತರಗಳನ್ನು ಹೊಂದಿಸಿಕೊಂಡಿದ್ದೆ. ಅವನು ಬಂದದ್ದು ನನ್ನ ಮೆಕ್ಯಾನಿಕ್ಕಿನ ವಿಳಾಸ ಕೇಳುವುದಕ್ಕೆ.

ನಾನು ಸುಳ್ಳಾಡಲಿಲ್ಲವೆಂದು ಬಹುಕಾಲ ಸಮಾಧಾನ ಪಟ್ಟುಕೊಂಡೆ. ಕಾನೂನಿನಲ್ಲಿಯೂ ಆಸರೆ ಹುಡುಕಿದೆ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಕಲಮಿನಲ್ಲಿ ಕುದುರೆಯೊಂದರ ದೃಷ್ಟಾಂತವಿದೆ. ರೋಗವಿರುವ ಕುದುರೆಯನ್ನು ಒಬ್ಬನು ಹರಾಜಿನಲ್ಲಿ ಮಾರುತ್ತಾನೆ. ರೋಗದ ಸಂಗತಿಯನ್ನು ಬಲ್ಲವನಾಗಿಯೂ ಕೊಳ್ಳುವವನಿಗೆ ಏನೂ ಹೇಳುವುದಿಲ್ಲ. ಇದು ವಂಚನೆಯಲ್ಲವೆಂದು ಶಾಸನ ಹೇಳುತ್ತದೆ. ನನಗೆ ಬೇಕಾದದ್ದು ಅಷ್ಟೇ ಆಗಿತ್ತು. ಆದ್ದರಿಂದ ಮುಂದೆ ಓದಿರಲಿಲ್ಲ. ಅಳಿಯನ ಪ್ರಶ್ನೆಯ ನಂತರ ಓದಿದೆ. ಕೊಳ್ಳುವವಳು ಮಾರುವವನ ಮಗಳೇ ಆಗಿದ್ದು, ಆಗತಾನೇ ಪ್ರಾಪ್ತವಯಸ್ಕಳಾಗಿದ್ದರೆ, ಆ ಸಂಬಂಧದ ಕಾರಣದಿಂದ ಹೇಳುವುದು ಅವನ ಕರ್ತವ್ಯವೆಂಬುದು ಎರಡನೆಯ ದೃಷ್ಟಾಂತ. ನೀನು ಇಲ್ಲವೆನ್ನದಿದ್ದರೆ ಕುದುರೆ ನಿರೋಗಿಯೆಂದೇ ತಿಳಿಯುವೆನೆಂದು ಕೊಳ್ಳುವವನು ನುಡಿದಾಗಲೂ ಮಾರುವವನು ಮೌನವಾಗಿದ್ದರೆ, ಆ ಮೌನವು ಮಾತಿಗೆ ಸಮಾನವೆಂಬುದು ಮೂರನೆಯದು.

ಆ ಹುಡುಗ ನನ್ನ ಜಗಲಿಯಲ್ಲಿ ಆಡಿದ್ದು ಈ ಮೂರನೆಯ ದೃಷ್ಟಾಂತದ ಮಾತನ್ನೇ ಅಲ್ಲವೆ? ಅವನು ಕಾನೂನು ಓದಿದವನಲ್ಲ, ಮೇಷ್ಟ್ರನ್ನು ನಂಬಿದವನು. ನನ್ನ ನಗುವೇ ನನ್ನ ಹೇಳಿಕೆಯಾಗಿತ್ತು. ಆದರೆ ಅವನು ಹಾಗೆ ನುಡಿಯದೆ ಇದ್ದಿದ್ದರೆ ನಾನು ನಿರ್ದೋಷಿಯಾಗುತ್ತಿದ್ದೆನೆ? ಇಲ್ಲಿ ಶಾಸನದ ದಾರಿಯೂ ವ್ರತದ ದಾರಿಯೂ ಬೇರೆಯಾಗುತ್ತವೆ. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳ ಸಾಲಿನಲ್ಲಿ ಹೀನಾಧಿಕ ಮಾನೋನ್ಮಾನವೂ ಪ್ರತಿರೂಪಕ ವ್ಯವಹಾರವೂ ಸೇರಿವೆ. ಅಳತೆಯಲ್ಲಿ ಮೋಸ, ಒಳ್ಳೆಯದರ ರೂಪದಲ್ಲಿ ಕೆಟ್ಟದ್ದನ್ನು ದಾಟಿಸುವುದು. ಇವು ಅಸತ್ಯದ ಕೆಳಗೆ ಬರದೆ ಕಳ್ಳತನದ ಕೆಳಗೆ ಬಂದಿರುವುದನ್ನು ವಾಚಕರು ಗಮನಿಸಬೇಕು. ಓಡಿದ ಕಿಲೋಮೀಟರನ್ನು ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸುವವನು ಮಾಡುವುದು ಮೊದಲನೆಯದನ್ನು. ಬೆಳಗ್ಗೆ ನೀರು ತುಂಬಿಸಿಟ್ಟ ನಾನು ಮಾಡಿದ್ದು ಎರಡನೆಯದನ್ನು. ಮಗಳಿಗೆ ಹೇಳುವುದನ್ನು ಅಪರಿಚಿತನಿಗೂ ಹೇಳಬೇಕೆಂದು ವ್ರತವು ಬಯಸುತ್ತದೆ. ಹಾಗೆ ಹೇಳುತ್ತ ಹೋದರೆ ಲೋಕದಲ್ಲಿ ಯಾರೂ ಹಳೆಯ ಕಾರು ಮಾರಲಾರರೆಂದು ನನ್ನ ಸ್ನೇಹಿತರೊಬ್ಬರು ನಕ್ಕರು. ಮಾರಬಹುದು, ಹದಿನೆಂಟು ಸಾವಿರ ಕಡಿಮೆಗೆ ಮಾರಬಹುದು.

ಸಣ್ಣ ಚೀಲ ಹಿಡಿದು ದೊಡ್ಡ ಕಾರು ಕೊಳ್ಳಲು ಹೋಗುವವನು ಇಂಥ ಮೇಷ್ಟ್ರುಗಳ ಸತ್ಯವನ್ನೇ ಆಧರಿಸಿ ಹೋಗುತ್ತಾನೆ. ಹಣವುಳ್ಳವನಿಗೆ ಮೋಸವಾದರೆ ಇನ್ನೊಂದು ಕಾರು ಬರುತ್ತದೆ. ಇವನಿಗೆ ಅಂಗಡಿಯ ಬಂಡವಾಳವೇ ಹೋಗುತ್ತದೆ. ಆ ಕಾರಿನ ಮೀಟರು 78,000 ಕಿಲೋಮೀಟರ್ ತೋರಿಸುತ್ತಿತ್ತು. ಬ್ರೇಕ್ ಪೆಡಲಿನ ರಬ್ಬರು ಮಾತ್ರ ಸವೆದು ನುಣುಪಾಗಿತ್ತು. ನಾನು ಅಳಿಯನಿಗೆ ಇಷ್ಟು ಹೇಳಿದೆ: ಇಂಜಿನ್ ತಣ್ಣಗಿರುವಾಗ ಮುಂಜಾನೆಯೇ ಹೋಗು, ಮೊದಲು ರೇಡಿಯೇಟರಿನ ಮುಚ್ಚಳ ತೆಗೆ, ಸರ್ವೀಸಿನ ದಾಖಲೆಗಳನ್ನು ಕೇಳು, ಬ್ಯಾಂಕಿನ ಸಾಲ ತೀರಿದ್ದರೆ ನೋಂದಣಿ ಪತ್ರದಿಂದ ಅದು ತೆಗೆದುಹೋಗಿದೆಯೇ ನೋಡು. ಎಲ್ಲಕ್ಕಿಂತ ಮೊದಲು, ಹೇಳಬೇಕಾದದ್ದು ಏನಾದರೂ ಇದೆಯೇ ಎಂದು ಮಾರುವವನನ್ನು ಬಾಯಿಬಿಟ್ಟು ಕೇಳು. ಕೇಳಿ, ಸುಮ್ಮನಿದ್ದು ಅವನ ಮುಖವನ್ನು ನೋಡು. ಅವನು ಹೋಗಿ ಕೇಳಿದ. ಬಂದ ಉತ್ತರವೇನೆಂದು ನನಗೆ ಹೇಳಲಿಲ್ಲ. ಮುಂದಿನ ವಾರ 2020ರ ಚಿಕ್ಕ ಕಾರೊಂದನ್ನು ಮೂರು ಲಕ್ಷ ಎಂಬತ್ತು ಸಾವಿರಕ್ಕೆ ಕೊಂಡುತಂದ. ಉಳಿದ ಎಪ್ಪತ್ತು ಸಾವಿರ ಬ್ಯಾಂಕಿನಲ್ಲಿದೆ. ಈಗಲೂ ಹಾಸನದ ರಸ್ತೆಯಲ್ಲಿ ಅಂಥ ದೊಡ್ಡ ಕಾರು ಹಾದುಹೋದರೆ ಅವನ ಕತ್ತು ಹೊರಳುತ್ತದೆ. ಸತ್ಯ ಹೇಳಬೇಕೆಂದರೆ ನನ್ನದೂ ಹೊರಳುತ್ತದೆ.

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ವರ್ಷವರ್ಷವೂ ನಾನು ಸಕಲ ಜೀವರಲ್ಲಿ ಕ್ಷಮೆ ಕೇಳುತ್ತ ಬಂದವನು. ಸಕಲ ಜೀವರಲ್ಲಿ ಆ ಹುಡುಗನೂ ಸೇರಿರುವನೆಂದು ಭಾವಿಸಿ ಅವನ ಮನೆಯ ಕಡೆಗೆ ಮಾತ್ರ ಹೋಗಿರಲಿಲ್ಲ. ಕಳೆದ ಬಾರಿ ಹೋದೆ. ಎಷ್ಟು ಕೊಡಬೇಕೆಂಬುದನ್ನು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ: ನಾನು ಉಳಿಸಿಕೊಂಡ ಹದಿನೆಂಟು ಸಾವಿರವೋ, ಅವನು ಕಳೆದುಕೊಂಡ ನಲವತ್ತು ಸಾವಿರವೋ, ಬಡ್ಡಿಯೂ ಸೇರಬೇಕೋ? ಆ ರಾತ್ರಿಯ ಲೆಕ್ಕ ನನಗೆ ಹತ್ತಲಿಲ್ಲ. ಕೊನೆಗೆ ನಲವತ್ತು ಸಾವಿರವನ್ನು ಕವರಿನಲ್ಲಿಟ್ಟು ಅವನ ಮುಂದಿರಿಸಿ, ನೀರು ತುಂಬಿಸಿದ ಬೆಳಗಿನ ವಿಷಯವನ್ನು ಹೇಳಿದೆ. ಅವನ ತಲೆಯಲ್ಲೂ ಈಗ ಬಿಳಿಗೂದಲು ಕಾಣಿಸಿಕೊಂಡಿದೆ. ಅವನು ಸ್ವಲ್ಪ ಹೊತ್ತು ಅಂಗಳವನ್ನು ನೋಡುತ್ತ ಕುಳಿತಿದ್ದ. "ಅವತ್ತೇ ಗೊತ್ತಾಗಿತ್ತು ಮೇಷ್ಟ್ರೇ. ನಿಮ್ ಮೆಕ್ಯಾನಿಕ್ಕೇ ಹೇಳ್ದ" ಎಂದ. ಕವರನ್ನು ಎಣಿಸದೆ ಒಳಗೆ ಕಳುಹಿಸಿ, ಕಾಫಿ ತರಲು ಹೇಳಿದ.