ಭಯದಲ್ಲಿ ಹಿಡಿದ ವ್ರತ



ನಡುರಾತ್ರಿ. ಮನೆಯವರೆಲ್ಲರೂ ನಿದ್ರೆಯಲ್ಲಿರುವಾಗ ಗೃಹಸ್ಥನೊಬ್ಬನು ಥಟ್ಟನೆ ಎದ್ದು ಕುಳಿತುಕೊಳ್ಳುವನು. ಎದೆ ಹೊಡೆದುಕೊಳ್ಳುತ್ತಿದೆ, ಮೈ ಬೆವತಿದೆ, ಅಂಗೈ ತಣ್ಣಗಾಗಿದೆ. ಕಳ್ಳರು ಬಂದಿಲ್ಲ, ಬೆಂಕಿ ಬಿದ್ದಿಲ್ಲ. ಕೊಳವೆಬಾವಿ ಬತ್ತಿದುದು, ಸೊಸೈಟಿಯ ಸಾಲದ ಗಡುವು ಸಮೀಪಿಸಿದುದು, ಮಗಳ ರಕ್ತಪರೀಕ್ಷೆಯ ವರದಿ ನಾಳೆ ಬರಲಿರುವುದು, ಇವೆಲ್ಲವೂ ಹಗಲಿನಲ್ಲಿಯೂ ಇದ್ದವೇ. ಆದರೆ ಕತ್ತಲೆಯಲ್ಲಿ ಅವು ಒಟ್ಟಾಗಿ ಮೇಲೆ ಬಿದ್ದಂತಾಗಿದೆ. ಅವನು ಕೈಮುಗಿದು, “ಇದೊಂದು ಗಂಡಾಂತರ ಕಳೆದರೆ ಎಂಟು ಉಪವಾಸ ಮಾಡುವೆನು” ಎಂದುಬಿಡುವನು. ಬೆಳಗಾಗುವಷ್ಟರಲ್ಲಿ ಆ ಮಾತು ಮನೆಯಲ್ಲಿ ವ್ರತವೆಂಬ ಹೆಸರನ್ನು ಪಡೆದಿರುತ್ತದೆ.

ಬೂಕನಕೆರೆ ಹೋಬಳಿಯಂತಹ ಬೇಸಾಯದ ಸೀಮೆಯಲ್ಲಿ ಇಂಥ ರಾತ್ರಿಯನ್ನು ಕಾಣದ ಮನೆ ವಿರಳ. 2020 ಮತ್ತು 2021ರಲ್ಲಿ ಕೊರೋನಾ ವ್ಯಾಧಿಯ ಭಯವಿತ್ತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಹೀಗಿರಲು, ಹೆದರಿದವನನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಆ ಎಂಟು ಉಪವಾಸಗಳು ನಿಜವಾಗಿಯೂ ವ್ರತವೇ ಎಂಬುದನ್ನು ವಿಚಾರಿಸಲೇಬೇಕಾಗಿದೆ.

ಭಯವು ಮೋಹನೀಯ ಕರ್ಮದ ಒಂಬತ್ತು ನೋಕಷಾಯಗಳಲ್ಲಿ ಒಂದು. ಅದರ ಉದಯವು ಅಪೂರ್ವಕರಣವೆಂಬ ಎಂಟನೆಯ ಗುಣಸ್ಥಾನದವರೆಗೂ ಇರುವುದೆಂದು ಆಗಮವು ತಿಳಿಸುವುದು. ಮಹಾವ್ರತಿಗಳ ಮೆಟ್ಟಿಲುಗಳಲ್ಲಿಯೂ ಉಳಿಯುವ ಈ ಕರ್ಮವು ಗೃಹಸ್ಥನ ಎದೆಯನ್ನು ಅಲುಗಿಸಿತೆಂದರೆ ನಾಚಿಕೆಪಡುವುದೇನಿದೆ? ಸಮ್ಯಗ್ದೃಷ್ಟಿಯು ಸಪ್ತಭಯಗಳಿಂದ ಮುಕ್ತನೆಂದು ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಹೇಳಿರುವರಲ್ಲ ಎಂದು ಯಾರಾದರೂ ಕೇಳಬಹುದು. ಭಯವು ಅವನ ಶ್ರದ್ಧೆಯನ್ನು ಕದಲಿಸಲಾರದೆಂಬುದು ಅದರ ಅಭಿಪ್ರಾಯ. ಅವನ ಮೈ ಎಂದಿಗೂ ನಡುಗದೆಂದಲ್ಲ.

ಈ ಭಯ ಹುಟ್ಟುವುದು ಹೇಗೆ? ನಮ್ಮ ಸೀಮೆಗೆ ದೂರವಲ್ಲದ ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನ ನಿಮಿತ್ತವಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ಗೊಮ್ಮಟಸಾರವನ್ನು ರಚಿಸಿದರು. ಕೇಳಿದವನು ಗಂಗರ ದಂಡನಾಯಕ, ಯುದ್ಧಭೂಮಿಯನ್ನು ಕಣ್ಣಾರೆ ಕಂಡವನು ಎಂಬುದನ್ನು ನೆನೆದರೆ ಆ ಗ್ರಂಥದ ಜೀವಕಾಂಡದಲ್ಲಿ ಬರುವ ಭಯಸಂಜ್ಞೆಯ ವಿವರಣೆಗೆ ಇನ್ನಷ್ಟು ಬೆಲೆ ಬರುತ್ತದೆ. ಅತಿ ಭಯಂಕರವಾದುದನ್ನು ಕಾಣುವುದು, ಕಂಡುದನ್ನೇ ಮತ್ತೆ ಮತ್ತೆ ಚಿಂತಿಸುವುದು, ಶಕ್ತಿ ಕುಂದಿರುವುದು, ಒಳಗೆ ಭಯಕರ್ಮದ ಉದೀರಣೆಯಾಗುವುದು. ಈ ನಾಲ್ಕರಿಂದ ಭಯವು ಹುಟ್ಟುತ್ತದೆ.

ಬರಗಾಲವನ್ನು ಕಾಣದಿರುವುದು ನಮ್ಮ ಕೈಯಲ್ಲಿಲ್ಲ. ಕರ್ಮದ ಉದೀರಣೆಯನ್ನು ಆ ಗಳಿಗೆಯಲ್ಲಿ ತಡೆಯುವುದೂ ಸಾಧ್ಯವಿಲ್ಲ. ನಡುವಿನ ಎರಡು ಮಾತ್ರ ನಮ್ಮವು. ಕಂಡುದನ್ನೇ ಮೆಲುಕು ಹಾಕುವ ಚಿತ್ತವನ್ನು ಬೇರೆಡೆಗೆ ತಿರುಗಿಸಬಹುದು. ಕುಂದಿದ ಶಕ್ತಿಯನ್ನು ಮುಂಚಿತವಾಗಿ ಕೂಡಿಸಿಟ್ಟುಕೊಳ್ಳಬಹುದು. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸವೂ ನಿತ್ಯದ ಸಾಮಾಯಿಕವೂ ಇರುವುದು ಆ ಶಕ್ತಿಗಾಗಿಯೇ. ಕೆರೆಯ ಹೂಳನ್ನು ಬೇಸಗೆಯಲ್ಲಿ ತೆಗೆಯುತ್ತಾರೆ, ನೆರೆ ಬಂದಾಗ ಅಲ್ಲ. ಎದೆ ಹೊಡೆದುಕೊಳ್ಳುವಾಗ ಎಂಟು ಉಪವಾಸಗಳನ್ನು ಹೇಳಿಕೊಂಡವನು, ಇರುವ ಅಲ್ಪ ಶಕ್ತಿಯನ್ನೂ ಒತ್ತೆಯಿಟ್ಟಂತೆಯೇ ಸರಿ. ಅದರಲ್ಲಿಯೂ ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವ ತಾಯಂದಿರು ಮಕ್ಕಳಿಗಾಗಿ ಹೆದರಿ ನಿರಾಹಾರ ಹಿಡಿದು ಕುಸಿಯುವುದುಂಟು. ಷೋಡಶ ಭಾವನೆಗಳಲ್ಲಿ ತಪಸ್ಸಿನ ಹಿಂದೆ ‘ಶಕ್ತಿತಃ’ ಎಂಬ ಮಾತು ಸುಮ್ಮನೆ ಕುಳಿತಿಲ್ಲ.

ಇನ್ನೊಂದು ದೋಷವೂ ಇದೆ. “ಇದು ಕಳೆದರೆ ಅದು ಮಾಡುವೆನು” ಎಂಬುದು ಸಂತೆಯ ಮಾತು. ವೀತರಾಗನು ವ್ಯಾಪಾರ ಮಾಡುವವನಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಯ ಅತಿಚಾರಗಳನ್ನು ಎಣಿಸುವಾಗ ಬದುಕಿನ ಆಸೆ, ಸಾವಿನ ಆಸೆ, ಮಿತ್ರಸ್ಮೃತಿ, ನಿದಾನ ಇವುಗಳ ಸಾಲಿನಲ್ಲಿ ಭಯವನ್ನೂ ಇಟ್ಟಿರುವರು. ಕೊನೆಯ ವ್ರತವನ್ನೇ ಭಯವು ಮಲಿನಗೊಳಿಸುವುದಾದರೆ ಉಳಿದುವುಗಳ ಮಾತೇನು? ಅದೇ ಗ್ರಂಥದಲ್ಲಿ, ಭಯದಿಂದಾಗಲಿ ಆಸೆಯಿಂದಾಗಲಿ ಕುದೇವರಿಗೆ ವಂದಿಸಲಾಗದೆಂದೂ ಹೇಳಿದೆ. ಕಣಿ ಹೇಳುವವರ ಹೊಸ್ತಿಲಲ್ಲಿ ಕಾದು ಕುಳಿತಿರುವ ನಮ್ಮವರನ್ನು ಕಂಡಾಗಲೆಲ್ಲ ಆ ಮಾತು ನೆನಪಾಗದೆ ಇರದು. ತತ್ವಾರ್ಥಸೂತ್ರವು ಸತ್ಯವ್ರತದ ಭಾವನೆಗಳಲ್ಲಿ ಭೀರುತ್ವದ ತ್ಯಾಗವನ್ನು ಸೇರಿಸಿದೆ. ಸಾಲವನ್ನು ಹೆಂಡತಿಯಿಂದ ಮುಚ್ಚಿಡುವವನು ಸುಳ್ಳುಗಾರನಾದದ್ದು ಲೋಭದಿಂದಲ್ಲ, ಹೆದರಿಕೆಯಿಂದ.

ಹಾಗಾದರೆ ಆಪತ್ತು ಬಂದಾಗ ಓಡಬಾರದೇ? ಓಡಬಹುದು, ತಿಳಿದು ಓಡಬೇಕು. ಚಂದ್ರಗಿರಿಯ ಮೇಲೆ ಸುಮಾರು ಕ್ರಿ.ಶ. 600ರ ಶಾಸನವೊಂದಿದೆ. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಗಳು ಹನ್ನೆರಡು ವರ್ಷಗಳ ವಿಪತ್ತನ್ನು ನಿಮಿತ್ತಜ್ಞಾನದಿಂದ ಅರಿತು ತಿಳಿಸಲಾಗಿ, ಸಂಘವೆಲ್ಲವೂ ಉತ್ತರಾಪಥವನ್ನು ಬಿಟ್ಟು ದಕ್ಷಿಣಕ್ಕೆ ಹೊರಟಿತೆಂದು ಅದು ಹೇಳುತ್ತದೆ. ಜನ, ಧನ, ಧಾನ್ಯ, ಗೋವುಗಳಿಂದ ತುಂಬಿದ ನಾಡನ್ನು ಅವರು ಕ್ರಮವಾಗಿ ಬಂದು ಸೇರಿದರು. ಅವಸರದ ಪಲಾಯನವಲ್ಲ ಅದು. ಮುನಿಧರ್ಮವು ಕೆಡದಂತೆ ಮಾಡಿದ ವಿಹಾರ. ಕಟವಪ್ರವೆಂಬ ಇದೇ ಬೆಟ್ಟಕ್ಕೆ ಬಂದಾಗ, ಆಯುಷ್ಯ ಸ್ವಲ್ಪವೇ ಉಳಿದಿದೆಯೆಂದರಿತ ಪ್ರಭಾಚಂದ್ರರು ಸಂಘವನ್ನೆಲ್ಲ ಮುಂದಕ್ಕೆ ಕಳುಹಿಸಿ, ಒಬ್ಬನೇ ಶಿಷ್ಯನೊಡನೆ ಉಳಿದು ಸಮಾಧಿಯನ್ನು ಸಾಧಿಸಿದರು. ಹಂದಿ, ಚಿರತೆ, ಹುಲಿ, ಕರಡಿ, ಸರ್ಪಗಳಿದ್ದ ಗುಹೆಗಳ ಬೆಟ್ಟವೆಂದು ಶಾಸನವೇ ವರ್ಣಿಸಿದೆ. ಸಂಘಕ್ಕೆ ಹೋಗುವುದು ಸರಿಯಾಗಿತ್ತು, ಅವರಿಗೆ ನಿಲ್ಲುವುದು ಸರಿಯಾಗಿತ್ತು. ಎರಡನ್ನೂ ಭಯವು ನಿರ್ಣಯಿಸಲಿಲ್ಲ.

ಇನ್ನು ನಡುರಾತ್ರಿಯ ಆ ಗೃಹಸ್ಥನ ವಿಷಯ. ಅವನಿಗೆ ಆ ಗಳಿಗೆಯಲ್ಲಿ ಸಿದ್ಧಾಂತ ಬೇಡ. ಕಾಯೋತ್ಸರ್ಗ ಸಾಕು. ಒಂದು ಪಂಚನಮಸ್ಕಾರಕ್ಕೆ ಮೂರು ಉಚ್ಛ್ವಾಸಗಳಂತೆ ಒಂಬತ್ತು ಬಾರಿಗೆ 27 ಉಚ್ಛ್ವಾಸಗಳೆಂಬುದು ನಮ್ಮ ಕ್ರಮ. ಅನೇಕರು ಒಂಬತ್ತನ್ನೂ ಮೂರೇ ಉಸಿರಿನಲ್ಲಿ ಓಡಿಸಿ ಮುಗಿಸುವರು. ಅದು ಎಣಿಕೆಯೇ ಹೊರತು ಕಾಯೋತ್ಸರ್ಗವಲ್ಲ. ಉಸಿರಿನೊಡನೆ ಮೆಲ್ಲನೆ ನಡೆದರೆ ದೇಹದ ನಡುಕವು ಇಳಿಯುತ್ತದೆ, ಚಿಂತೆಗೆ ಅಂಟಿದ ಉಪಯೋಗವು ಮಂತ್ರದ ಕಡೆಗೆ ತಿರುಗುತ್ತದೆ. ಎದೆಬಡಿತವು ಪದೇ ಪದೇ ಹೀಗೆ ಬರುವುದಾದರೆ, ಅಥವಾ ಎದೆನೋವು ಇದ್ದರೆ, ತಡಮಾಡದೆ ವೈದ್ಯರನ್ನು ಕಾಣಬೇಕು. ಮನಸ್ಸಿನ ವೈದ್ಯರನ್ನು ಕಾಣುವುದರಲ್ಲಿಯೂ ಕುಂದಿಲ್ಲ. ಬದುಕೇ ಬೇಡವೆನಿಸುವಷ್ಟು ಭಯ ಬೆಳೆದವನು ಅದನ್ನು ಸಲ್ಲೇಖನೆಯ ಭಾವವೆಂದು ತಿಳಿಯಬಾರದು, ಮನೆಯವರು ಅವನನ್ನು ಒಂಟಿಯಾಗಿ ಬಿಡಲೂ ಬಾರದು.

ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂದು ದಾನವು ನಾಲ್ಕು ವಿಧ. ಮೊದಲನೆಯದನ್ನು ಬಲ್ಲೆವು. ಅಭಯದಾನವೆಂದರೆ ಪ್ರಾಣಿಗಳನ್ನು ಬಿಡಿಸುವುದಷ್ಟೇ ಎಂದು ಭಾವಿಸಿರುವೆವು. ಪಕ್ಕದಲ್ಲಿ ಮಲಗಿದ್ದ ಗೃಹಿಣಿಗೆ ಎಚ್ಚರವಾಗಿ, “ಏನ್ರೀ, ಎದ್ದು ಕೂತಿದ್ದೀರಿ?” ಎಂದು ಕೇಳಿದಾಗ ಅವನು “ಏನಿಲ್ಲ, ಮಲಗು” ಎನ್ನದೆ ಸಾಲದ ಮೊತ್ತವನ್ನು ಇದ್ದಂತೆಯೇ ಹೇಳಿದನೆನ್ನಿ. ಅವಳು ಬೈಯದೆ, ಅಳದೆ, ಎದ್ದು ಕುಳಿತು ಅವನ ಜೊತೆಗೆ ಮೆಲ್ಲನೆ ಒಂಬತ್ತನ್ನು ಎಣಿಸಿದಳೆನ್ನಿ. ಬೆಳಿಗ್ಗೆ ಜಿನದರ್ಶನ ಮುಗಿಸಿ ಇಬ್ಬರೂ ಪಹಣಿ, ಪಾಸ್‌ಬುಕ್ಕುಗಳನ್ನು ಚೀಲದಲ್ಲಿಟ್ಟುಕೊಂಡು, ಗಡುವನ್ನು ಮುಂದಕ್ಕೆ ಹಾಕುವಂತೆ ಕೇಳಲು ಸೊಸೈಟಿಗೆ ಹೊರಡುವರು. ಉಪವಾಸದ ಸಂಕಲ್ಪವನ್ನು ಬರುವ ಚತುರ್ದಶಿಯಂದು, ಎದೆ ನೆಟ್ಟಗಿರುವಾಗ, ಗುರುಸನ್ನಿಧಿಯಲ್ಲಿ ಕೇಳಿ ನಿರ್ಧರಿಸಬಹುದು.